ಉಳಿದ ವಿಷಕ್ಕೆ ಹೊಣೆ ಯಾರು?

ತೊಗರಿಗೆ ಕಾಯಿಕೊರಕ ಬಿದ್ದಾಗ ಎಣ್ಣೆ ಹೊಡೆಯಿರೆಂದು ಹೇಳುವವರು ಅನೇಕರು. ಉಳಿದ ಎಣ್ಣೆ, ಖಾಲಿ ಡಬ್ಬಿಗಳನ್ನು ಏನು ಮಾಡಬೇಕೆಂದು ಹೇಳುವವರು ವಿರಳ.

1971ರ ಕೀಟನಾಶಕ ನಿಯಮಾವಳಿಯ 44ನೆಯ ನಿಯಮದಂತೆ, ಉಳಿದ ಔಷಧ, ತೊಳೆದ ನೀರು ಮತ್ತು ಡಬ್ಬಿಗಳಿಂದ ನೀರು ಕೆಡದಂತೆ ನೋಡಿಕೊಳ್ಳುವುದು ತಯಾರಕರ ಹಾಗೂ ಬಳಸುವವರ ಕರ್ತವ್ಯ. ಡಬ್ಬಿಗಳನ್ನು ಒಡೆದು, ವಸತಿಯಿಂದ ದೂರ ಹೂಳಬೇಕೆಂದೂ ಅದು ಹೇಳುತ್ತದೆ. ಆದರೆ ಯಂಕಂಚಿಯ ರೈತ ಎಲ್ಲಿ ಹೂಳಬೇಕು? ಸಿಂದಗಿ, ಇಂಡಿ ಭಾಗದ ಎರೆಭೂಮಿ ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ. ಮೊದಲ ಮಳೆಯ ನೀರು ಆ ಬಿರುಕುಗಳಲ್ಲೇ ಇಳಿಯುತ್ತದೆ. ಹೂತ ವಿಷ ಹೂತಲ್ಲೇ ಇರುವುದೆಂದು ನಂಬುವುದು ಹೇಗೆ?

ಸುಡುವುದೂ ಪರಿಹಾರವಲ್ಲ. ಇಂಥ ವಿಷ ನಾಶವಾಗಲು ಸುಮಾರು 1,100 ಡಿಗ್ರಿ ಶಾಖದ ವಿಶೇಷ ಕುಲುಮೆ ಬೇಕು. ಹೊಲದ ಬದುವಿನ ಬೆಂಕಿಯಲ್ಲಿ ಕ್ಲೋರಿನ್ ಇರುವ ಔಷಧ ಸುಟ್ಟರೆ ಡಯಾಕ್ಸಿನ್ ಎಂಬ ಹೊಸ ವಿಷ ಹುಟ್ಟಬಹುದು.

ದೊಡ್ಡ ಸಂಸ್ಥೆಗಳಿಗೇ ಇದು ಸುಲಭವಾಗಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ನಮ್ಮ ತೊಗರಿಗೂ ಒಂದು ಕಾಲದಲ್ಲಿ ಹೊಡೆದದ್ದು ಇದೇ ಔಷಧ. 2011ರಲ್ಲಿ ಸುಪ್ರೀಂ ಕೋರ್ಟು ಇದನ್ನು ದೇಶದಾದ್ಯಂತ ತಡೆಯಿತು. ಸಿಂಪರಣೆ ನಿಂತರೂ ಉಳಿದ ದಾಸ್ತಾನು ಗೋದಾಮುಗಳಲ್ಲೇ ಇತ್ತು. 2012ರಲ್ಲಿ ಅದನ್ನು ಹೊಸ ಪೀಪಾಯಿಗಳಿಗೆ ತುಂಬಿದರು. ಆಮೇಲೂ ಅದು ವರ್ಷಗಟ್ಟಲೆ ಅಲ್ಲೇ ಉಳಿಯಿತು. ಭೋಪಾಲದ ಕಾರ್ಖಾನೆಯ 337 ಟನ್ ತ್ಯಾಜ್ಯವಂತೂ 1984ರ ದುರಂತದ 40 ವರ್ಷಗಳ ನಂತರ, 2025ರಲ್ಲಿ ಪೀತಂಪುರದ ಕುಲುಮೆ ಸೇರಿತು. ಸರಕಾರಕ್ಕೇ ಇಷ್ಟು ಕಷ್ಟವಾದ ಕೆಲಸವನ್ನು ಐದೆಕರೆ ರೈತನ ತಲೆಗೆ ಕಟ್ಟುವುದು ನ್ಯಾಯವೇ?

ಬ್ರೆಜಿಲ್ ದೇಶದಲ್ಲಿ 2000ದ ಕಾಯ್ದೆಯಂತೆ ರೈತ ಖಾಲಿ ಡಬ್ಬಿಯನ್ನು ತೊಳೆದು ಮರಳಿಸುತ್ತಾನೆ. ಎಲ್ಲಿಗೆ ಮರಳಿಸಬೇಕೆಂದು ಅಂಗಡಿಯವ ತಿಳಿಸುತ್ತಾನೆ. ಮುಂದಿನ ವಿಲೇವಾರಿ ಕಂಪನಿಯದು. ನಮ್ಮಲ್ಲಿಯೂ ರೈತ ಸಂಪರ್ಕ ಕೇಂದ್ರಗಳಲ್ಲಿ ವರ್ಷಕ್ಕೊಮ್ಮೆಯಾದರೂ ಡಬ್ಬಿ ಹಾಗೂ ಅವಧಿ ಮೀರಿದ ಔಷಧಗಳನ್ನು ಸಂಗ್ರಹಿಸಬೇಕು. ಅದರ ವೆಚ್ಚವನ್ನು ಮಾರಿ ಲಾಭ ಪಡೆದವರು ಭರಿಸಬೇಕು. ಗ್ರಾಮಸಭೆಗಳಲ್ಲಿ ರೈತರು ಇದನ್ನು ಒತ್ತಾಯದಿಂದ ಕೇಳಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಬೇಕಾದಷ್ಟೇ ಔಷಧ ಕೊಳ್ಳಿರಿ. ಖಾಲಿಯಾದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣೆಯ ದ್ರಾವಣಕ್ಕೇ ಬೆರೆಸಿರಿ. ಡಬ್ಬಿಗೆ ತೂತು ಹಾಕಿರಿ. ಅದರಲ್ಲಿ ನೀರು, ಎಣ್ಣೆ, ಕಾಳು ತುಂಬಬೇಡಿರಿ. ಉಳಿದ ಔಷಧವನ್ನು ಚೀಟಿ ಸಹಿತ ಅದರ ಡಬ್ಬಿಯಲ್ಲೇ ಬೀಗ ಹಾಕಿಡಿರಿ, ಹಳ್ಳಕ್ಕೆ ಸುರಿಯಬೇಡಿರಿ. ಆ ಹಳ್ಳದ ನೀರನ್ನೇ ನಮ್ಮ ದನಗಳು ಕುಡಿಯುತ್ತವೆ.