ಚಾಮಯ್ಯ ಮೇಷ್ಟ್ರ ಮಾತು

ಮೈಸೂರಿನಲ್ಲೇ ನೆಲೆಸಿದ್ದ ನಟ ಕೆ. ಎಸ್. ಅಶ್ವತ್ಥ್ ಅಂದರೆ ನಮ್ಮ ಕೆಸರೆಯ ಹೆಂಗಸರಿಗೆ ಇಂದಿಗೂ ‘ಚಾಮಯ್ಯ ಮೇಷ್ಟ್ರು’.

1925ರಲ್ಲಿ ಹುಟ್ಟಿದ ಅವರು 1955ರ ‘ಸ್ತ್ರೀರತ್ನ’ದಿಂದ ಚಿತ್ರರಂಗಕ್ಕೆ ಬಂದರು. 300ಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಹೆಚ್ಚಾಗಿ ಅಪ್ಪನಾಗಿ, ಅಣ್ಣನಾಗಿ, ಮೇಷ್ಟ್ರಾಗಿ ನಿಂತರು. ಹಾಡು, ಹೊಡೆದಾಟ ನಾಯಕನ ಪಾಲಿಗೆ. ನಾವು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದುದು ಇವರನ್ನು ನೋಡಿ.

ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ನೆನಪಿದೆಯಲ್ಲ? ಹೆತ್ತವರಿಗೂ ಬಗ್ಗದ ರಾಮಾಚಾರಿ ಮೇಷ್ಟ್ರ ಒಂದು ಮಾತಿಗೆ ಅಲಮೇಲುವನ್ನು ಬಿಟ್ಟುಕೊಡ್ತಾನೆ. ಜಾತಿ, ಪಂಗಡ ಅಂತ ಮೇಷ್ಟ್ರು ಹೇಳಿದ್ದೂ ಹುಡುಗನ ಮೇಲಿನ ಪ್ರೀತಿಯಿಂದಲೇ. ಆದರೆ ಆದದ್ದೇನು? ಅಲಮೇಲುವಿನ ಬಾಳು ಹಾಳಾಯಿತು. ಕೊನೆಗೆ ಮೇಷ್ಟ್ರು, ರಾಮಾಚಾರಿ, ಮಾರ್ಗರೆಟ್, ಮೂವರೂ ಉಳಿಯಲಿಲ್ಲ.

ಅಶ್ವತ್ಥರು ಆ ಮೇಷ್ಟ್ರನ್ನು ಕೆಟ್ಟವರನ್ನಾಗಿ ಮಾಡಲಿಲ್ಲ. ಮಕ್ಕಳನ್ನು ಜೀವದಂತೆ ನೋಡಿಕೊಳ್ಳುವವರೂ ಹೀಗೆ ಮಾಡಿಬಿಡಬಹುದು ಅನ್ನೋದು ನಮಗೆ ನಾಟುವ ಹಾಗೆ ನಟಿಸಿದರು. ಅವರ ದೊಡ್ಡತನ ಅದೇ.

2010ರ ಜನವರಿ 18ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ಮನೆಯಲ್ಲಿ ಮಗಳ ಮದುವೆ ಮಾತು ಬಂದಾಗ ಆ ಮೇಷ್ಟ್ರನ್ನು ಒಮ್ಮೆ ನೆನೆಯಿರಿ. ಮಗಳು ನಮ್ಮ ಮಾತು ಕೇಳ್ತಾಳೆ, ಸರಿ. ನಾವು ಅವಳ ಮಾತು ಕೇಳಿದ್ದೇವೆಯೇ?