ದವಡೆಗೆ ತಂತಿಯೇ ಸಾಕು ಎನ್ನುವವರಿಗೆ

ಗೊಟಗೋಡಿ ಕಡೆಯ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ದೀಪಾವಳಿಯ ಹೋರಿ ಹಬ್ಬದಲ್ಲಿ ಪೆಟ್ಟು ತಿಂದವರು ದವಡೆ ಮುರಿದುಕೊಂಡು ಬಂದಾಗ, ಎಲುಬು ಜಾಗ ಬಿಟ್ಟಿದ್ದರೆ ಪ್ಲೇಟು ಹಾಕಿಸಿ ಎನ್ನುತ್ತೇನೆ. ಇದನ್ನು ಒಪ್ಪದವರಿಗೆ ಈ ಉತ್ತರ.

“ತಂತಿ ಕಟ್ಟಿದ್ರ ಸಾಕಲ್ರೀ, ನಮ್ಮಪ್ಪಗ ಹಂಗ ಕೂಡಿತ್ತು.” ಕೂಡಿರುತ್ತದೆ, ಸುಳ್ಳಲ್ಲ. ಬರೀ ಬಿರುಕು ಬಿಟ್ಟಿದ್ದರೆ ನಾನೂ ತಂತಿಯನ್ನೇ ಕಟ್ಟುತ್ತೇನೆ. ಆದರೆ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಬಿಗಿದ ಮೇಲೆ ಸಾಮಾನ್ಯವಾಗಿ 4ರಿಂದ 6 ವಾರ ಬಾಯಿ ತೆರೆಯುವಂತಿಲ್ಲ. ಕೂಲಿಗೆ ಹೋಗುವ ಹುಡುಗ ಅಂಬಲಿಯನ್ನು ಹಲ್ಲಿನ ಸಂದಿಯಿಂದ ಹೀರಿಕೊಂಡು ದಿನ ನೂಕಬೇಕು. ರಾತ್ರಿ ವಾಂತಿಯಾದರೆ ಉಸಿರಿಗೇ ಕುತ್ತು. ಅದಕ್ಕೇ ತಂತಿ ಕತ್ತರಿಸುವ ಕಟರ್ ಕೊಟ್ಟು, ಯಾವ ತಂತಿ ಕತ್ತರಿಸಬೇಕೆಂದು ಅವನ ತಾಯಿಗೆ ತೋರಿಸಿ ಕಳಿಸುತ್ತೇವೆ. ಆ ಕಟರ್ ಹಿಡಿದ ಕೈ ನಡುಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

“ಇಷ್ಟು ಸಣ್ಣ ಪಟ್ಟಿ ದವಡಿ ಭಾರ ತಡೀತದೇನ್ರೀ?” ಸರಿಯಾದ ಜಾಗದಲ್ಲಿ ಕೂತರೆ ತಡೆಯುತ್ತದೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ಶಾಂಪಿ ಮತ್ತು ಸಂಗಡಿಗರು 1978ರಲ್ಲಿ ಆ ಜಾಗಗಳನ್ನು ವಿವರಿಸಿದರು. ಅಗಿಯುವಾಗ ಮುರಿತದ ಮೇಲಂಚು ಬಿಚ್ಚಿಕೊಳ್ಳುತ್ತದೆ, ಕೆಳಂಚು ಒತ್ತಿಕೊಳ್ಳುತ್ತದೆ. ಬಿಚ್ಚಿಕೊಳ್ಳುವ ಕಡೆ ಹಿಡಿದರೆ ಮುಗಿಯಿತು. ದವಡೆಯ ಮೂಲೆಗೆ ಹೆಚ್ಚಾಗಿ ಒಂದು ಪ್ಲೇಟು ಸಾಕು. ಗದ್ದದ ಬಳಿ ಎಲುಬು ತಿರುಚುವುದರಿಂದ ಎರಡು ಬೇಕು. ಸ್ಕ್ರೂ ಎಲುಬಿನ ಹೊರಪದರಕ್ಕಷ್ಟೇ ಇಳಿಯುವುದರಿಂದ ಹಲ್ಲಿನ ಬೇರಿಗೂ ನರಕ್ಕೂ ಅಪಾಯ ಕಡಿಮೆ. ಮೊದಮೊದಲು ಮೆತ್ತಗಿನ ಅನ್ನವೇ ಗತಿ, ರೊಟ್ಟಿ ಆಮೇಲೆ. ಆದರೆ ಹುಡುಗ ಬಾಯಿ ತೆರೆದು ಅವ್ವನನ್ನು ಕರೆಯುತ್ತಾನೆ.

ಮುಖದ ಮೇಲೆ ಗಾಯದ ಗೆರೆ ಉಳಿಯುತ್ತದೆ ಎಂಬ ಹೆದರಿಕೆಗೆ ಹೆಚ್ಚು ಮಾತು ಬೇಡ. ಬಹುಪಾಲು ಮುರಿತಗಳಿಗೆ ಬಾಯೊಳಗಿಂದಲೇ ಕೊಯ್ಯುತ್ತೇವೆ. ಪ್ಲೇಟು ಟೈಟಾನಿಯಂನದು, ತುಕ್ಕು ಹಿಡಿಯುವುದಿಲ್ಲ. ಸೋಂಕಾಗದೆ, ಸ್ಕ್ರೂ ಸಡಿಲಾಗದೆ ಇದ್ದರೆ ತೆಗೆಸುವ ಅಗತ್ಯವೂ ಇಲ್ಲ.

“ಎಲುಬು ಕಟ್ಟುವವರ ಕಡೆ ಹೋಗ್ತೀವಿ” ಎನ್ನುವವರ ಮೇಲೆ ನನಗೆ ಸಿಟ್ಟಿಲ್ಲ, ಸಂಕಟವಿದೆ. ಕೈಯೆಲುಬು ತುಸು ಓರೆಯಾಗಿ ಕೂಡಿದರೂ ಕೆಲಸ ನಡೆದೀತು. ದವಡೆಯಲ್ಲಿ ಹಲ್ಲುಗಳಿವೆ, ಒಂದು ಮಿಲಿಮೀಟರ್ ತಪ್ಪಿದರೂ ಕಚ್ಚು ಕೂಡುವುದಿಲ್ಲ. ತಲೆಗೆ ಸುತ್ತಿದ ಬಟ್ಟೆಗೆ ಆ ಲೆಕ್ಕ ತಿಳಿಯದು.

ಇನ್ನು ದುಡ್ಡು. ಇದು ನ್ಯಾಯವಾದ ಪ್ರಶ್ನೆ. ಆಯುಷ್ಮಾನ್ ಭಾರತ್ ಯೋಜನೆಯ ಚಿಕಿತ್ಸಾ ಪಟ್ಟಿಯಲ್ಲಿ ದವಡೆಗೆ ತಂತಿಯೂ ಇದೆ, ಪ್ಲೇಟೂ ಇದೆ. ತಂತಿ ಅಗ್ಗವೆನ್ನುವವರು ಬಾಯಿ ಕಟ್ಟಿಕೊಂಡು ಮನೆಯಲ್ಲಿ ಕೂತ ವಾರಗಳ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಲಿ. ಆ ಯೋಜನೆಯ ಕಾರ್ಡು ಕಿಸೆಯಲ್ಲಿಟ್ಟುಕೊಂಡು, ಬಾವು ಏರುವ ಮುಂಚೆ ಹುಬ್ಬಳ್ಳಿಗೋ ಧಾರವಾಡಕ್ಕೋ ಬನ್ನಿ.