ಕಾರ್ಖಾನೆಯನ್ನೆಲ್ಲ ಕಂಪ್ಯೂಟರಿನಲ್ಲಿ ಹೆಣೆಯಬೇಕೇ? ಪರ-ವಿರೋಧ

ಒಂದು ವಸ್ತುವಿನ ವಿನ್ಯಾಸ, ಅದನ್ನು ತಯಾರಿಸುವ ಯಂತ್ರಗಳ ಪ್ರೋಗ್ರಾಂ, ಕಚ್ಚಾಮಾಲಿನ ಲೆಕ್ಕ, ತಪಾಸಣೆ, ರವಾನೆ ಇವೆಲ್ಲ ಒಂದೇ ದತ್ತಾಂಶದ ಮೇಲೆ ನಡೆಯುವ ವ್ಯವಸ್ಥೆಗೆ ಕಂಪ್ಯೂಟರ್ ಸಮನ್ವಿತ ಉತ್ಪಾದನೆ ಎಂದು ಹೆಸರು. ಜೋಸೆಫ್ ಹ್ಯಾರಿಂಗ್ಟನ್ 1973ರಲ್ಲಿ ಇದೇ ಹೆಸರಿನ ಪುಸ್ತಕ ಬರೆದ. ಯಾಂತ್ರೀಕರಣ ಅದಕ್ಕಿಂತ ಹಳೆಯದು. 1952ರಲ್ಲಿ ಅಮೆರಿಕದ ಎಂಐಟಿ, ತೂತು ಹೊಡೆದ ಟೇಪಿನ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿತು. 1961ರಲ್ಲಿ ಜನರಲ್ ಮೋಟಾರ್ಸ್‌ನ ನ್ಯೂಜೆರ್ಸಿ ಕಾರ್ಖಾನೆಯಲ್ಲಿ ಯುನಿಮೇಟ್ ರೋಬೋಟ್ ಬಿಸಿ ಎರಕದ ಭಾಗಗಳನ್ನು ಎತ್ತಿಡತೊಡಗಿತು. ಇಂಥ ಯಂತ್ರಗಳು ಬಿಡಿಬಿಡಿಯಾಗಿ ದುಡಿದರೆ ಸಾಕೇ, ಕಚೇರಿಯಿಂದ ಗೋದಾಮಿನವರೆಗೆ ಎಲ್ಲವನ್ನೂ ಹೆಣೆಯಬೇಕೇ ಎಂಬುದು ಇಲ್ಲಿನ ಚರ್ಚೆ.

ಪರ

ಹೆಣೆಯಲೇಬೇಕು ಎನ್ನುವವರಿಗೆ ಏರ್‌ಬಸ್ ಎ380 ಗಟ್ಟಿ ಸಾಕ್ಷಿ. ಎರಡಂತಸ್ತಿನ ಆ ವಿಮಾನದೊಳಗೆ 500 ಕಿಲೋಮೀಟರಿಗೂ ಮೀರಿದ ವೈರಿಂಗ್ ಇದೆ. ವಿನ್ಯಾಸಕ್ಕೆಂದು ಜರ್ಮನಿಯ ಹ್ಯಾಂಬರ್ಗ್‌ನವರು ಕಾಟಿಯಾ ತಂತ್ರಾಂಶದ ನಾಲ್ಕನೇ ಆವೃತ್ತಿಯನ್ನೂ ಫ್ರಾನ್ಸಿನ ಟುಲೂಸ್‌ನವರು ಐದನೆಯದನ್ನೂ ಬಳಸುತ್ತಿದ್ದರು. ಒಂದರ ನಕ್ಷೆ ಇನ್ನೊಂದಕ್ಕೆ ಸರಿಹೊಂದಲಿಲ್ಲ. ಹ್ಯಾಂಬರ್ಗ್‌ನಿಂದ ಬಂದ ಭಾಗಗಳನ್ನು ಟುಲೂಸ್‌ನಲ್ಲಿ ಜೋಡಿಸಹೊರಟಾಗ ಕೇಬಲ್‌ಗಳು ಸಾಲದೆ ಹೋದವು. ತಂತ್ರಜ್ಞರು ವಿಮಾನದೊಳಗೆ ಹೊಕ್ಕು ಮತ್ತೆ ಕೈಯಾರೆ ವೈರ್ ಎಳೆಯಬೇಕಾಯಿತು, ವಿಮಾನಗಳ ಹಸ್ತಾಂತರ ಸುಮಾರು ಎರಡು ವರ್ಷ ತಡವಾಯಿತು. ಅದಕ್ಕೂ ಹತ್ತು ವರ್ಷ ಮೊದಲೇ, 1994ರಲ್ಲಿ ಹಾರಿದ ಬೋಯಿಂಗ್ 777, ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ವಿನ್ಯಾಸಗೊಂಡಿತ್ತು.

ಸಣ್ಣ ಮಷಿನ್ ಶಾಪಿನಲ್ಲೂ ಇದೇ ತೊಂದರೆ ಸಣ್ಣದಾಗಿ ಇದ್ದೇ ಇರುತ್ತದೆ. ಡ್ರಾಯಿಂಗ್ ತಿದ್ದಿದ ಸುದ್ದಿ ಯಂತ್ರದವರೆಗೆ ಬರುವಷ್ಟರಲ್ಲಿ ಹಳೆಯ ಅಳತೆಗೆ ಒಂದು ಟ್ರೇ ಮಾಲು ಕತ್ತರಿಸಿ ಆಗಿರುತ್ತದೆ. ಟೂಲ್ ಸವೆದಂತೆ ಅಳತೆ ಮೈಕ್ರಾನ್ ಮೈಕ್ರಾನ್ ಆಗಿ ಜಾರುತ್ತದೆ. ತಪಾಸಣೆಯವರು ಅದನ್ನು ಹಾಳೆಯಲ್ಲಿ ಬರೆದು ಸೂಪರ್‌ವೈಸರಿಗೆ ಮುಟ್ಟಿಸುವ ಹೊತ್ತಿಗೆ ಸ್ಕ್ರ್ಯಾಪ್ ಡಬ್ಬ ತುಂಬಿರುತ್ತದೆ. ಜೋಡಿಸಿದ ವ್ಯವಸ್ಥೆಯಲ್ಲಿ ಅಳೆಯುವ ಯಂತ್ರವೇ ಕೊರೆಯುವ ಯಂತ್ರಕ್ಕೆ ತಿದ್ದುಪಡಿ ಕಳಿಸುತ್ತದೆ, ಮುಂದಿನ ಭಾಗ ಸರಿಯಾದ ಅಳತೆಗೆ ಮರಳುತ್ತದೆ.

ಮಾದರಿ ಬದಲಾವಣೆಯ ಸಲೀಸೂ ಇವರ ಪಕ್ಷದಲ್ಲಿದೆ. 1960ರ ದಶಕದಲ್ಲಿ ಕಾರಿನ ಮಾದರಿ ಬದಲಾದಾಗಲೆಲ್ಲ ನಿಯಂತ್ರಣ ಫಲಕದ ರಿಲೇಗಳ ವೈರಿಂಗ್ ಬಿಚ್ಚಿ ಹೊಸದಾಗಿ ಕಟ್ಟಬೇಕಿತ್ತು. ಆ ಬೇಸರದಿಂದ ಜನರಲ್ ಮೋಟಾರ್ಸ್ ಕೇಳಿದ್ದಕ್ಕೆ ಉತ್ತರವಾಗಿ ಬಂದದ್ದು ಮೋಡಿಕಾನ್ 084, ಇಂದಿನ ಪಿಎಲ್‌ಸಿಗಳ (ಪ್ರೋಗ್ರಾಂ ಮಾಡಬಹುದಾದ ನಿಯಂತ್ರಕಗಳ) ಪೂರ್ವಜ. ವೈರಿಂಗ್ ಬದಲು ಪ್ರೋಗ್ರಾಂ ತಿದ್ದಿದರೆ ಸಾಕೆನ್ನುವಂತಾಯಿತು. ಇದೇ ದಾರಿಯಲ್ಲಿ ಬಹುದೂರ ಹೋದದ್ದು ಫ್ಯೂಜಿ ಪರ್ವತದ ಬುಡದಲ್ಲಿರುವ ಫ್ಯಾನುಕ್. ಅಲ್ಲಿ ರೋಬೋಟ್‌ಗಳೇ ರೋಬೋಟ್‌ಗಳನ್ನು ತಯಾರಿಸುತ್ತವೆ, ದಿನಗಟ್ಟಲೆ ಮನುಷ್ಯರಿಲ್ಲದೆ ಕೆಲಸ ಸಾಗುತ್ತದೆ. ಆದರೆ ಫ್ಯಾನುಕ್‌ಗೆ ತಾನು ತಯಾರಿಸುವ ವಸ್ತು ಕರತಲಾಮಲಕ. ಎಲ್ಲ ಕಾರ್ಖಾನೆಗಳಿಗೂ ಆ ಭಾಗ್ಯವಿಲ್ಲ.

ವಿರೋಧ

ಕ್ಯಾಲಿಫೋರ್ನಿಯದ ಫ್ರೀಮಾಂಟ್‌ನಲ್ಲಿರುವ ಒಂದೇ ಕಾರ್ಖಾನೆಯ ಚರಿತ್ರೆ ವಿರೋಧಿಗಳಿಗೆ ಬೇಕಾದಷ್ಟು ಒದಗಿಸುತ್ತದೆ. 1982ರಲ್ಲಿ ಜನರಲ್ ಮೋಟಾರ್ಸ್ ಅದನ್ನು ಮುಚ್ಚಿತು. 1984ರಲ್ಲಿ ಟೊಯೋಟಾ ಜೊತೆಗೂಡಿ ನುಮ್ಮಿ ಎಂಬ ಹೆಸರಿನಲ್ಲಿ ಮತ್ತೆ ತೆರೆದಾಗ ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ, ಯಂತ್ರೋಪಕರಣವೂ ಅಂಥ ಅತ್ಯಾಧುನಿಕವಲ್ಲ. ಬದಲಾದದ್ದು ಕೆಲಸದ ಕ್ರಮ: ದೋಷ ಕಂಡ ಕಾರ್ಮಿಕ ಹಗ್ಗ ಎಳೆದು ಸಹಾಯ ಕರೆಯಬಹುದು, ಬೇಕಾದರೆ ಇಡೀ ಸಾಲನ್ನೇ ನಿಲ್ಲಿಸಬಹುದು. ಗುಣಮಟ್ಟ ಬೇಗನೆ ಮೇಲೇರಿತು. ಅದೇ ಸುಮಾರಿಗೆ ಜನರಲ್ ಮೋಟಾರ್ಸ್ ಅಮೆರಿಕದಲ್ಲೇ ಹ್ಯಾಮ್‌ಟ್ರಾಮ್ಕ್ ಎಂಬಲ್ಲಿ ರೋಬೋಟ್‌ಗಳಿಂದ ತುಂಬಿದ ಕಾರ್ಖಾನೆ ಕಟ್ಟಿತ್ತು. ಬಣ್ಣ ಬಳಿಯುವ ರೋಬೋಟ್‌ಗಳು ಕಾರು ಬಿಟ್ಟು ಒಂದಕ್ಕೊಂದು ಬಣ್ಣ ಬಳಿದುಕೊಂಡವೆಂಬ ವರದಿಗಳು ಅಲ್ಲಿಂದ ಬಂದವು.

2010ರಲ್ಲಿ ಫ್ರೀಮಾಂಟ್ ಟೆಸ್ಲಾ ಕೈಗೆ ಹೋಯಿತು. ಮಾಡೆಲ್ 3 ಕಾರಿಗೆಂದು ಹೂಡಿದ ಕನ್ವೇಯರ್‌ಗಳ ಗೋಜಲು ಕೆಲಸಕ್ಕೆ ಬಾರದೆ ಕಿತ್ತುಹಾಕಬೇಕಾಯಿತು. ಬ್ಯಾಟರಿಯ ಮೇಲೆ ಹೊದಿಸುವ ಮೆತ್ತನೆಯ ಹಾಸನ್ನು ಎತ್ತಿಡಲು ರೋಬೋಟ್ ಪರದಾಡಿತು. ವಿಚಾರಿಸಿದಾಗ ಆ ಹಾಸೇ ಬೇಕಿರಲಿಲ್ಲವೆಂದು ತಿಳಿಯಿತು! 2018ರಲ್ಲಿ ಅತಿಯಾದ ಯಾಂತ್ರೀಕರಣ ತಪ್ಪಾಯಿತೆಂದು ಟೆಸ್ಲಾ ಮುಖ್ಯಸ್ಥ ಇಲಾನ್ ಮಸ್ಕ್ ಬಹಿರಂಗವಾಗಿ ಒಪ್ಪಿಕೊಂಡರು. ಅದೇ ವರ್ಷ ಆವರಣದಲ್ಲಿ ಟೆಂಟ್ ಹಾಕಿ ಇನ್ನೊಂದು ಜೋಡಣೆ ಸಾಲನ್ನು ನಡೆಸಲಾಯಿತು.

ಆದರೆ ಈ ವಾದದಲ್ಲಿ ಒಂದು ಸಡಿಲು ಎಳೆಯಿದೆ. ಹ್ಯಾಮ್‌ಟ್ರಾಮ್ಕ್‌ನಲ್ಲೂ ಫ್ರೀಮಾಂಟ್‌ನಲ್ಲೂ ಸೋತದ್ದು ಹೆಚ್ಚಾಗಿ ಕೈಗಳ ಜಾಗಕ್ಕೆ ಬಂದ ಯಂತ್ರ. ಮಾಹಿತಿಯನ್ನು ಹೆಣೆಯುವುದು ತಪ್ಪೆಂದು ಅವು ಸಾಧಿಸುವುದಿಲ್ಲ. ಹೆಣಿಗೆಗೇ ಪೆಟ್ಟು ಕೊಟ್ಟ ನಿದರ್ಶನ ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೋದ್ದು. 2019ರ ಮಾರ್ಚ್‌ನಲ್ಲಿ ಒತ್ತೆಹಣ ಕೇಳುವ ಕುತಂತ್ರಾಂಶವೊಂದು ಅದರ ಜಾಲದೊಳಗೆ ನುಗ್ಗಿ ಹಲವು ದೇಶಗಳ ಘಟಕಗಳ ಕಂಪ್ಯೂಟರ್‌ಗಳನ್ನು ಕಟ್ಟಿಹಾಕಿತು. ಆರ್ಡರ್ ವಿವರ ನೋಡಲಾಗದೆ ಕೆಲವು ಘಟಕಗಳು ನಿಂತವು, ಕೆಲವು ಕಾಗದದ ಲೆಕ್ಕದಲ್ಲಿ, ಕೈಯಿಂದಲೇ ನಡೆದವು. ಕಂಪನಿ ಹಣ ಕೊಡಲಿಲ್ಲ, ನಷ್ಟ ಮಾತ್ರ ಭಾರಿಯಾಯಿತು. ಯಂತ್ರಗಳು ಬೇರೆಬೇರೆಯಾಗಿದ್ದರೆ ಕೆಟ್ಟದ್ದು ಒಂದೇ ಕೆಡುತ್ತದೆ. ಒಂದೇ ಜಾಲದಲ್ಲಿದ್ದರೆ ಎಲ್ಲಕ್ಕೂ ಒಂದೇ ಕುತ್ತಿಗೆ.

ಉಳಿದದ್ದು ದುಡ್ಡಿನ ಮಾತು. ಬೆಂಗಳೂರಿನ ಪೀಣ್ಯದಂಥ ಕಡೆ ನಾಲ್ಕೈದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರ ಕೈಗೆ ಇಂದು ವಾಲ್ವಿನ ಬಾಡಿ ಬಂದರೆ ನಾಳೆ ಗೇರಿನ ಬ್ಲ್ಯಾಂಕ್ ಬರುತ್ತದೆ, ಅದೂ ಐವತ್ತು ಇಲ್ಲವೇ ನೂರರ ಲೆಕ್ಕದಲ್ಲಿ. ಇಷ್ಟು ಸಣ್ಣ ಆರ್ಡರಿಗೆ ರೋಬೋಟಿನ ಹಿಡಿಕೆ, ಫಿಕ್ಸ್ಚರ್, ಪ್ರೋಗ್ರಾಂ ಸಿದ್ಧಪಡಿಸುವ ಖರ್ಚು ಮಾಲಿನ ಬೆಲೆಯನ್ನೇ ನುಂಗುತ್ತದೆ. ಅನುಭವಿ ಸೆಟ್ಟರ್ ಒಬ್ಬ ಅದೇ ಕೆಲಸವನ್ನು ಒಂದೇ ಶಿಫ್ಟಿನೊಳಗೆ ಹೂಡಿಕೊಡುತ್ತಾನೆ. ಅಂಥವರಿಗೂ ಡ್ರಾಯಿಂಗಿನ ಆವೃತ್ತಿ ಮತ್ತು ತಪಾಸಣೆಯ ಅಂಕಿಗಳನ್ನು ಒಂದೆಡೆ ಇಡುವುದರಿಂದ ಲಾಭವಿದೆ ಎಂಬ ಪರವಾದಿಗಳ ಮಾತನ್ನು ವಿರೋಧಿಗಳು ಅಲ್ಲಗಳೆಯುವುದಿಲ್ಲ. ಅದಕ್ಕೆ ಯಂತ್ರದ ಮುಂದೆ ನಿಂತವನನ್ನು ಕದಲಿಸಬೇಕಾದ್ದಿಲ್ಲ ಎಂಬುದಷ್ಟೇ ಅವರ ತಕರಾರು.